ಮೂರು ಕೂಗಿನ ಗೋವಿಂದಯ್ಯ

ಗೋವಿಂದಯ್ಯನ ಗಂಟಲು ಸರ್ಕಾರಿ ಗಂಟಲು. ಮೂವತ್ತೊಂದು ವರ್ಷ ಕೋರ್ಟು ಜವಾನನಾಗಿ ಅವನು ಸಂಬಳ ತಗೊಂಡದ್ದೇ ಅದರ ಮೇಲೆ ಅಂದರೂ ತಪ್ಪಿಲ್ಲ. ಫೈಲು ಹೊತ್ತ, ಕುರ್ಚಿ ಒರೆಸಿದ, ಸಾಹೇಬರ ಊಟದ ಕ್ಯಾರಿಯರ್ ತಂದ. ಅದನ್ನು ಯಾವ ಜವಾನನಾದರೂ ಮಾಡ್ತಾನೆ ಬಿಡಿ. ಆದರೆ ಬಾಗಿಲಲ್ಲಿ ನಿಂತು "ಚಿಕ್ಕಮಾದೂ ಬಿನ್ ಕರಿಯಯ್ಯಾ..." ಅಂತ ಅವನು ಕೂಗಿದನೋ, ರಸ್ತೆ ಆಚೆ ಹೋಟೆಲಿನಲ್ಲಿ ಇಡ್ಲಿ ಮುರೀತಾ ಕೂತ ಚಿಕ್ಕಮಾದ ಕೈ ತೊಳೆಯದೆ ಎದ್ದು ಓಡಿ ಬರಬೇಕು, ಅಂಥ ಕೂಗು.

ಈ ಕೂಗಿಗೆ ಒಂದು ಪದ್ಧತಿ ಇದೆ. ಕೇಸಿನ ನಂಬರು ಓದಿದಾಗ ವಕೀಲರು ಒಳಗಿದ್ದು ಎದ್ದು ನಿಂತರೆ ಜವಾನನಿಗೆ ಕೆಲಸವಿಲ್ಲ. ವಕೀಲರೂ ಇಲ್ಲ, ಕಕ್ಷಿದಾರರೂ ಇಲ್ಲ ಅಂದಾಗ ಮಾತ್ರ ಅವನು ಬಾಗಿಲಿಗೆ ಹೋಗಿ ಹೆಸರು ಕೂಗಬೇಕು. ಮೂರು ಸಲ. ಮೂರಕ್ಕೂ ಯಾರೂ ಬರದಿದ್ದರೆ ಕೇಸು ವಜಾ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ, ಗೇಟಿನಿಂದ ಬಾಗಿಲವರೆಗೆ ಒಬ್ಬ ಮನುಷ್ಯ ನಡೆದು ಬರುವಷ್ಟು ಹೊತ್ತು ಬಿಡಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಗೋವಿಂದಯ್ಯ ಹೆಗ್ಗಡದೇವನಕೋಟೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲಿನ ಹಳೇ ಜವಾನ ನಂಜಯ್ಯ ಹೇಳಿಕೊಟ್ಟದ್ದು. "ಲೋ, ಕಾಡಂಚಿಂದ ಎರಡು ಬಸ್ಸು ಅತ್ತಿ ಬರೋ ಜನ ಕಣ್ಲಾ. ಉಸುರು ಬುಟ್ಟು ಬುಟ್ಟು ಕೂಗು" ಅಂದಿದ್ದ.

ಹೆಂಡತಿ ಚಿಕ್ಕಬಸಮ್ಮನಿಗೆ ಈ ಕೂಗಿನ ಮೇಲೆ ಒಂದು ಚೂರೂ ಭಕ್ತಿ ಇರಲಿಲ್ಲ. ಮನೆಯಲ್ಲಿ ಅವನು "ಬಸಮ್ಮಾ" ಅಂದರೆ ಮೊದಲನೇ ಕೂಗಿಗೆ ಅವಳು ಎಂದೂ ಓಗೊಟ್ಟವಳಲ್ಲ. "ಇನ್ನೂ ಎರಡು ಬಾಕಿ ಅವೆ, ಕೂಗ್ಲಿ ಬುಡು" ಅಂತ ಒಲೆ ಮುಂದೆ ಕೂತೇ ಇರುವಳು. ಅವಳ ಆಸೆ ಬೇರೆ ಇತ್ತು. ಕೋಟೆ, ಪಿರಿಯಾಪಟ್ಟಣ, ಕೆ.ಆರ್.ನಗರ, ಹುಣಸೂರು ಅಂತ ಗಂಡನಿಗೆ ವರ್ಗವಾದ ಹಾಗೆಲ್ಲ, ಯಜಮಾನರು ಖಾಲಿ ಮಾಡಿಸಿದ ಹಾಗೆಲ್ಲ ಅವಳು ಒಂಬತ್ತು ಬಾಡಿಗೆ ಮನೆ ಕಂಡಿದ್ದಳು. ಒಂಬತ್ತಕ್ಕೂ ಅವಳ ಜೊತೆ ಹೋದದ್ದು ಪೇಂಟಿನ ಡಬ್ಬದಲ್ಲಿ ನೆಟ್ಟ ಒಂದು ಕರಿಬೇವಿನ ಗಿಡ. ನೆಲಕ್ಕೆ ಇಡೋಣ ಅಂದರೆ ಯಾವ ಮನೆ ಯಜಮಾನನೂ ಒಪ್ಪಲಿಲ್ಲ. ಬೇರು ಪಾಯಕ್ಕೆ ಹೋಗ್ತದೆ ಅಂತ. ಮಗಳು ಸಿಂಧು ಕೆ.ಆರ್.ನಗರದಲ್ಲಿ ಗಂಡನ ಮನೆ ಸೇರಿ ಮಗುವನ್ನೂ ಹೆತ್ತಳು, ಅವಳ ಹಿತ್ತಲಲ್ಲೇ ನುಗ್ಗೆ, ಪಪ್ಪಾಯಿ ಎದ್ದವು. ಈ ಕರಿಬೇವು ಮಾತ್ರ ಮೊಣಕಾಲೆತ್ತರ ದಾಟಲಿಲ್ಲ. "ನಂಗಲ್ಲ ಕಣ್ರೀ, ಇದಕ್ಕಾದ್ರೂ ಒಂದು ಮೊಳ ಸ್ವಂತ ನೆಲ ಕೊಡ್ಸಿ" ಅನ್ನುವಳು.

ಗೋವಿಂದಯ್ಯ ರಿಟೈರ್ ಆದ. ಕೈಗೆ ಬಂದ ಇಡುಗಂಟಿಗೆ ಸೈಟು ಬಿಟ್ಟು ಬೇರೆ ಯಾವ ಯೋಚನೆಯೂ ಇರಲಿಲ್ಲ. ಹುಣಸೂರಿನ ಹೊರಗೆ ನಂಜುಂಡಸ್ವಾಮಿ ಅನ್ನುವವನು ತನ್ನ ಹೊಗೆಸೊಪ್ಪಿನ ಹೊಲವನ್ನು ಸೈಟು ಮಾಡಿ ಮಾರುತ್ತಿದ್ದ. ಒಳ್ಳೇ ಮನುಷ್ಯ, ನಗುನಗುತ್ತಾ ಮಾತಾಡುವವನು, ಹೋದವರಿಗೆಲ್ಲ ಎಳನೀರು ಕೊಚ್ಚಿಕೊಡುವವನು. ಮೂಲೆಯ ಸೈಟಿನಲ್ಲಿ ಒಂದು ಹೊಂಗೆ ಮರ. ಚಿಕ್ಕಬಸಮ್ಮ ಅದರ ನೆರಳಲ್ಲಿ ನಿಂತು, ಚಪ್ಪಲಿ ಬಿಟ್ಟು, ಕಾಲ ಹೆಬ್ಬೆರಳಲ್ಲಿ ಮಣ್ಣು ಕೆದಕಿ ನೋಡಿದಳು. "ಕರಿಬೇವು ಇಲ್ಲಿ" ಅಂದಳು. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ.

ಆದರೆ ಕಾಗದ ನೋಡಿಸಬೇಕಲ್ಲ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವನಿಗೆ ಜಮೀನಿನ ವಕೀಲರನ್ನು ಹುಡುಕುವ ಕೆಲಸ ಬಂದಿರಲಿಲ್ಲ ಅಂತ ಕಾಣುತ್ತೆ, ಬಂದಿದ್ದರೆ ಅದನ್ನೂ ಸೇರಿಸುತ್ತಿದ್ದ. ಗೋವಿಂದಯ್ಯ ಮಾತ್ರ ಎದೆ ಉಬ್ಬಿಸಿದ. "ವಕೀಲರಾ? ನನಗಾ? ನಾಲ್ಕು ತಾಲ್ಲೂಕಿನ ವಕೀಲರೂ ನನ್ನ ಕಣ್ಣ ಮುಂದೆ ಕಪ್ಪು ಕೋಟು ತೊಟ್ಟೋರು ಕಣಮ್ಮಿ" ಅಂತ ಮೀಸೆ ನೀವಿಕೊಂಡು ನೇರ ಹೋದದ್ದು ಗುಡುಗಿನ ವಕೀಲರ ಹತ್ತಿರ.

ಅವರ ನಿಜ ಹೆಸರು ನಮಗೆ ಬೇಡ. ವಾದಕ್ಕೆ ನಿಂತರೆ ಹೆಂಚು ಅದುರುತ್ತಿತ್ತು, ಅದಕ್ಕೆ ಜನ ಇಟ್ಟ ಹೆಸರು. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರಲ್ಲ, ಇವರು ಬದುಕಿದ್ದಷ್ಟೇ ಅಲ್ಲ, ಎರಡಂತಸ್ತು ಕಟ್ಟಿದ್ದರು. "ಏನಯ್ಯಾ ಗೋವಿಂದಯ್ಯ, ನಿನ್ನ ಹತ್ರ ಫೀಸಾ? ಛೇ!" ಅಂದರು. ಕಾಫಿ ತರಿಸಿದರು. ಮೂವತ್ತು ಪುಟದ ಕಾಗದವನ್ನು ಇಸ್ಪೀಟು ಕಲೆಸಿದ ಹಾಗೆ ಸರಸರ ತಿರುವಿ, "ಕ್ಲೀನ್ ಅದೆ ಕಣಯ್ಯ. ಹೋಗಿ ರಿಜಿಸ್ಟರ್ ಮಾಡಿಸ್ಕೊ" ಅಂದರು. ಗೋವಿಂದಯ್ಯನ ಮುಖ ಊರಗಲ ಆಯಿತು. ಪಕ್ಕದಲ್ಲಿದ್ದ ಚಿಕ್ಕಬಸಮ್ಮ ತನ್ನ ಕಾಫಿ ಲೋಟವನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಬಾಯಿ ಬಿಟ್ಟಳು. "ಕಾಫಿ ಇನ್ನೂ ಆರಿರ್ಲಿಲ್ಲ ಕಣ್ರೀ. ಅಷ್ಟರಲ್ಲಿ ಮೂವತ್ತು ಪುಟ ಓದಿಬುಟ್ರಾ?"

"ದೊಡ್ಡ ವಕೀಲ್ರು ಕಣೆ ಅವ್ರು. ಅವರ ಕಣ್ಣು ಅಂಗೆ ಓಡ್ತದೆ."

"ಓಡ್ಲಿ. ಕೋರ್ಟಲ್ಲಿ ಕೇಸು ಕರೆದಾಗ ಇವ್ರು ಒಳಗಿರ್ತಿದ್ರಾ?"

ಗೋವಿಂದಯ್ಯ ಫಕ್ಕನೆ ನಕ್ಕ. "ಇವ್ರಾ? ಇವರ ಕಕ್ಷಿದಾರರ ಹೆಸ್ರು ಕೂಗೀ ಕೂಗೀ ನನ್ನ ಗಂಟ್ಲು ಹರ್ದೋಗದೆ. ಒಂದಿನಾನೂ ಹೊತ್ತಿಗೆ ಬರ್ಲಿಲ್ಲ ಪುಣ್ಯಾತ್ಮ."

"ಮತ್ತೆ ಹೊತ್ತಿಗೆ ಬತ್ತಿದ್ದೋರು ಯಾರು?"

ಗೋವಿಂದಯ್ಯ ಬೆರಳು ಮಡಿಸಿ ಎಣಿಸಲು ಹೋದ. ಎಷ್ಟು ತಲೆ ಕೆರೆದುಕೊಂಡರೂ ಒಂದು ಹೆಸರು ಬರಲಿಲ್ಲ. ಹೇಗೆ ಬಂದೀತು ಹೇಳಿ? ಹೊತ್ತಿಗೆ ಸರಿಯಾಗಿ ಎದ್ದು ನಿಂತವರಿಗಾಗಿ ಅವನು ಎಂದೂ ಕೂಗಿದವನಲ್ಲ. ತಪ್ಪಿಸಿಕೊಂಡವರ ಹೆಸರೆಲ್ಲ ನಾಲಿಗೆ ತುದಿಯಲ್ಲಿ, ನೆಟ್ಟಗೆ ಕೆಲಸ ಮಾಡಿದವರು ಮಾತ್ರ ಲೆಕ್ಕಕ್ಕೇ ಇಲ್ಲ. ಮೂವತ್ತೊಂದು ವರ್ಷದ ಅನುಭವಕ್ಕೆ ಬೆಂಕಿ ಬೀಳ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಗೊತ್ತಿಲ್ದಿದ್ರೆ ನೋಡನ ನಡೀರಿ" ಅಂದಳು ಚಿಕ್ಕಬಸಮ್ಮ.

ಅಷ್ಟು ವರ್ಷದಲ್ಲಿ ಒಮ್ಮೆಯೂ ಕೋರ್ಟಿನ ಮೆಟ್ಟಿಲು ಹತ್ತದವಳು ಮಾರನೇ ದಿನ ಸೆರಗಲ್ಲಿ ಹುರಿಗಡಲೆ ಕಟ್ಟಿಕೊಂಡು ಬಂದು ಹಿಂದಿನ ಬೆಂಚಲ್ಲಿ ಕೂತಳು. ಮೂರು ದಿನ. ಗೋವಿಂದಯ್ಯನಿಗೆ ನಾಚಿಕೆ, ಹೊಸ ಹುಡುಗರೆಲ್ಲ "ಏನ್ ಗೋವಿಂದಣ್ಣ, ಅತ್ತಿಗೇನ ಸಾಕ್ಷಿಗೆ ಕರ್ಕೊಂಡ್ ಬಂದ್ರಾ?" ಅಂತ ಕಿಚಾಯಿಸಿದರು. ಅವಳಿಗೆ ಯಾವ ವಾದವೂ ಅರ್ಥವಾಗಲಿಲ್ಲ. ಅವಳು ನೋಡಿದ್ದು ಒಂದೇ: ನಂಬರು ಓದಿದಾಗ ಯಾರು ಇದ್ದಾರೆ, ಯಾರು ಇಲ್ಲ. ಮೂರನೇ ದಿನ ಸಂಜೆ ಬೆರಳು ಚಾಚಿದಳು. "ಅಗೋ, ಆ ಬಟ್ಟೆ ಬ್ಯಾಗಿನ ಹೆಣ್ಣುಮಗಳು. ಮೂರು ದಿನದಲ್ಲಿ ಏಳು ಸಲ ನಂಬರು ಬಂತು, ಏಳು ಸಲಾನೂ ನಿಂತಿದ್ಲು. ಅವಳ ಕಡೆಯೋರ ಹೆಸ್ರನ್ನ ಒಂದಪಾನೂ ಕೂಗ್ಲಿಲ್ಲ."

ಅವಳೇ ಸಂಘಮಿತ್ರ. ಮೂವತ್ತೆಂಟರ ಆಸುಪಾಸು, ಮೆಲ್ಲಗಿನ ಮಾತು. ಎಂಟು ವರ್ಷದಿಂದ ಅದೇ ಕೋರ್ಟಿನಲ್ಲಿದ್ದರೂ ಗೋವಿಂದಯ್ಯನಿಗೆ ಅವಳ ಮುಖ ಮಾತ್ರ ಗೊತ್ತು, ಹೆಸರು ಗೊತ್ತಿಲ್ಲ. ಕಾಗದ ಇಸಕೊಂಡಳು. ಕ್ಲೀನ್ ಅನ್ನಲಿಲ್ಲ, ಕೊಳಕು ಅನ್ನಲಿಲ್ಲ. "ಎಂಟು ದಿನ ಬೇಕು. ನನ್ನ ಫೀಸು ಇಷ್ಟು, ಸೈಟು ಬೇಡ ಅಂದ್ರೂ ಅಷ್ಟೇ ಕೊಡಬೇಕು" ಅಂದಳು. ಗೋವಿಂದಯ್ಯನಿಗೆ ಇದು ಹಿಡಿಸಲಿಲ್ಲ. ಚಿಕ್ಕಬಸಮ್ಮನಿಗೆ ಅದೇ ಹಿಡಿಸಿತು.

ಆ ಎಂಟು ದಿನದಲ್ಲಿ ಸಂಘಮಿತ್ರ ಮಾಡಿದ ಕೆಲಸ ಕೇಳಿ. ಕಾಗದವನ್ನೆಲ್ಲ ಓದಿ ಮುಗಿಸಿ, ಸ್ಕೂಟರ್ ಹತ್ತಿ ನಂಜುಂಡಸ್ವಾಮಿಯ ಊರಿಗೆ ಹೋದಳು. ಅವನ ಮನೆಗಲ್ಲ. ಎದುರು ಮನೆ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತ ಮುದುಕಿಯ ಹತ್ತಿರ. ಅದೂ ಇದೂ ಮಾತಾಡಿ, "ಅಜ್ಜಿ, ಆ ಎದುರು ಮನೇಲಿ ನೀವು ಎಷ್ಟು ಬಾಣಂತನ ನೋಡಿದ್ರಿ?" ಅಂತ ಕೇಳಿದಳು. "ನಂಜುಂಡನ ಅವ್ವಂಗಾ? ಎರಡು. ಗಂಡೊಂದು, ಹೆಣ್ಣೊಂದು. ಎಣ್ಣೆ ತಿಕ್ಕಿದ್ದೇ ನಾನು" ಅಂತು ಅಜ್ಜಿ. ನಂಜುಂಡಸ್ವಾಮಿ ಕೊಟ್ಟ ವಂಶವೃಕ್ಷದ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು, ಅವನದು.

"ಅಪ್ಪನಿಂದ ಬಂದ ಜಮೀನು. ಮಗಳಿಗೂ ಸಮ ಪಾಲು" ಅಂದಳು ಸಂಘಮಿತ್ರ, ಇಬ್ಬರನ್ನೂ ಕೂರಿಸಿಕೊಂಡು. "ಅವಳನ್ನ ರಾವಂದೂರಿಗೆ ಕೊಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಪಾಲಿಗೆ ಅಂತ ಕೇಸೂ ಹಾಕಿದ್ದಳು, ಕರೆದಾಗ ಯಾರೂ ಬರಲಿಲ್ಲ ಅಂತ ವಜಾ ಆಗಿದೆ. ನೀವು ಈಗ ಕೊಂಡರೆ ನಾಳೆ ಅವಳು ಬಂದು ಕೇಳಬಹುದು. ಅವಳು ತಿಳಿದು, ಒಪ್ಪಿ, ಸೈನ್ ಹಾಕಿದರೆ ಮಾತ್ರ ತಗೊಳ್ಳಿ. ಹೆಸರು ದೊಡ್ಡತಾಯಮ್ಮ, ಗಂಡ ಚಿಕ್ಕಮಾದಯ್ಯ."

ಗೋವಿಂದಯ್ಯನ ಮೀಸೆ ಇಳಿಯಿತು. ಆ ಹೆಸರು ಅವನ ಗಂಟಲಲ್ಲಿ ಇನ್ನೂ ಇತ್ತು.

ಮನೆಗೆ ಬಂದು, ಚಾಪೆ ಮೇಲೆ ಕೂತು, ಗೋಡೆ ನೋಡುತ್ತಾ ಹೇಳಿದ. "ದೊಡ್ಡತಾಯಮ್ಮ ಕೋಂ ಚಿಕ್ಕಮಾದಯ್ಯ. ನಾನೇ ಕೂಗಿದ್ದು ಕಣಮ್ಮಿ. ಅವಳ ವಕೀಲ್ರು ಗುಡುಗು. ಅವತ್ತು ಯಾವ್ದೋ ಮದ್ವೇಗೆ ಹೋಗಿದ್ರು. ಆಯಮ್ಮ ಬಸ್ಸಿಳಿದು ಗೇಟ್ ತಾವ ಬತ್ತಿದ್ಲು, ನನಗೆ ಕಾಣ್ತಿತ್ತು. ಯಾರೋ ಏನೋ ಅಂದ್ಕಂಡೆ. ಮೂರು ಕೂಗನ್ನೂ ಒಂದೇ ಉಸುರಲ್ಲಿ ಕೂಗಿಬುಟ್ಟೆ. ಅವಳು ಓಡಿ ಬಾಗ್ಲಿಗೆ ಬರೋ ಅಷ್ಟರಲ್ಲಿ ಸಾಹೇಬ್ರು ವಜಾ ಅಂತ ಬರೆದಾಗಿತ್ತು."

"ಯಾಕಂಗೆ ಮಾಡುದ್ರಿ? ನೀವಂಗೆ ಕೂಗೋರಲ್ವಲ್ಲ?"

"ಮನೆ ಖಾಲಿ ಮಾಡ್ತಿದ್ದ ದಿವ್ಸ. ಸಾಮಾನು ತುಂಬ್ಕಂಡು ಟೆಂಪೋ ಬಂದು ಕೋರ್ಟಿನ ಮುಂದೆ ನಿಂತಿತ್ತು. ಡ್ರೈವರು ಒಂದೇ ಸಮ ಹಾರನ್ನು ಹೊಡೀತಿದ್ದ."

ಚಿಕ್ಕಬಸಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಆ ಟೆಂಪೋದ ಮುಂದಿನ ಸೀಟಿನಲ್ಲಿ, ತೊಡೆ ಮೇಲೆ ಕರಿಬೇವಿನ ಡಬ್ಬ ಇಟ್ಟುಕೊಂಡು ಕೂತಿದ್ದವಳು ಅವಳೇ. ಬಿಸಿಲಿಗೆ ಗಿಡ ಬಾಡುತ್ತಿತ್ತು. "ಹೊಡಿಯಪ್ಪ, ಇನ್ನೊಂದಪ ಹೊಡಿ, ಆಗ್ಲಾದ್ರೂ ಬತ್ತಾರೆ" ಅಂತ ಡ್ರೈವರಿಗೆ ಹೇಳಿದ್ದೂ ಅವಳೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಯಾವಳೋ ಒಬ್ಬಳು ವರ್ಷಗಟ್ಟಲೆ ಅಲೆದ ಕೇಸು ತನ್ನ ಒಂದು ಹಾರನ್ನಿಗೆ ಹೋಯಿತಲ್ಲ ಅಂತ ಅವಳು ಆ ದಿನ ಕರಿಬೇವಿಗೆ ನೀರು ಹಾಕಲಿಲ್ಲ.

ವಿಷಯ ತಿಳಿದ ನಂಜುಂಡಸ್ವಾಮಿ ನಕ್ಕುಬಿಟ್ಟ. "ಅಯ್ಯೋ, ನನ್ ತಂಗಿ ತಾನೆ? ಒಂದು ಸೀರೆ ಕೊಟ್ರೆ ಸೈನ್ ಹಾಕ್ತಾಳೆ. ಹಕ್ಕು ಬಿಟ್ಟೆ ಅಂತ ಕಾಗದ ಬರೆಸಿ ಕೊಡ್ತೀನಿ, ನೀವೇ ಹೋಗಿ ಹಾಕಿಸ್ಕೊಂಡು ಬನ್ನಿ. ಆಮೇಲೆ ಅವಳನ್ನ ಕರ್ಕೊಂಡೋಗಿ ರಿಜಿಸ್ಟರ್ ಮಾಡ್ಸಿದ್ರಾಯ್ತು" ಅಂದ. ಸೀರೆಯನ್ನೂ ಅವನೇ ತಂದಿಟ್ಟ, ಹಸಿರು ಸೀರೆ. ಗಂಡ ಹೆಂಡತಿ ಅದನ್ನೂ ಕಾಗದವನ್ನೂ ಹಿಡಿದು ರಾವಂದೂರಿನ ಬಸ್ಸು ಹತ್ತಿದರು. ಸೈಟಿನ ಆಸೆ ಇನ್ನೂ ಬಿಟ್ಟಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು? ಒಂದು ಸೈನಿನ ದೂರದಲ್ಲಿ ಹೊಂಗೆ ಮರ ನಿಂತಿತ್ತು.

ಮನೆ ಬಾಗಿಲು ಮುಂದೆ ಮಾಡಿತ್ತು. ಗೋವಿಂದಯ್ಯ ಅಂಗಳದಲ್ಲಿ ನಿಂತು, ಗಂಟಲು ಸರಿ ಮಾಡಿಕೊಂಡು, ಒಂದೇ ಸಲ ಕೂಗಿದ. "ದೊಡ್ಡತಾಯಮ್ಮಾ..."

ಒಳಗಿಂದ ಪಾತ್ರೆ ಬಿದ್ದ ಸದ್ದು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಒಬ್ಬ ಹೆಂಗಸು ಓಡಿ ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ನೋಡಿದಳು, ಮತ್ತೆ ನೋಡಿದಳು. "ಈ ಗಂಟ್ಲು ನನ್ಗೆ ಗೊತ್ತು" ಅಂದಳು. "ಕೋರ್ಟಿನ ಅಣ್ಣ ಅಲ್ವಾ? ಬನ್ನಿ ಕೂತ್ಕಳಿ."

ಬೈದಿದ್ದರೆ ಗೋವಿಂದಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಕಾಫಿ ಕೊಟ್ಟಳು. ಅವನು ಅವತ್ತಿನದನ್ನೆಲ್ಲ ಹೇಳಿ "ತಪ್ಪಾಯ್ತು ಕಣವ್ವ" ಅಂದಾಗ, "ಓಗ್ಲಿ ಬುಡಣ್ಣ, ನಿಮ್ಮ ಕೆಲ್ಸ ನೀವು ಮಾಡುದ್ರಿ. ನನ್ನ ವಕೀಲ್ರು ಇದ್ದಿದ್ರೆ ನೀವ್ಯಾಕೆ ಕೂಗ್ತಿದ್ರಿ?" ಅಂದಳು. "ಆಮೇಲೆ ಆ ಕಡೆ ತಲೆ ಆಕಿಲ್ಲ. ನಮ್ಮಂತೋರಿಗೆ ಎಲ್ಲಿ ಸಿಗ್ತಾರೆ ನಂಬೋ ಅಂತ ವಕೀಲ್ರು? ನಿಮ್ಮ ಕೈಲಿರೋದು ನಮ್ಮಣ್ಣ ಕಳ್ಸಿದ ಕಾಗದ್ವಾ? ಎಲ್ಲಿ, ಎಲ್ಲಿಗೆ ಆಕ್ಬೇಕು ಸೈನು?"

ಸೀರೆಯನ್ನು ಬಿಚ್ಚಿಯೂ ನೋಡಲಿಲ್ಲ. ಪೆನ್ನಿಗೆ ಕೈ ಚಾಚಿದಳು. ಗೋವಿಂದಯ್ಯ ಕಾಗದ ಹಿಡಿದು ಕೂತಿದ್ದ, ಅತ್ತ ಕೊಡಲೂ ಆಗದೆ, ಇತ್ತ ಮಡಿಸಲೂ ಆಗದೆ. ಚಿಕ್ಕಬಸಮ್ಮ ಆ ಚಾಚಿದ ಕೈಯನ್ನೇ ನೋಡಿದಳು. ಬಾಡಿಗೆ ಮನೆ ಯಜಮಾನರು "ಖಾಲಿ ಮಾಡಿ" ಅಂದಾಗ ತಾನೂ ಹೀಗೇ ಮಾತಿಲ್ಲದೆ ಪಾತ್ರೆ ಕಟ್ಟಿದವಳು.

"ಆಕ್ಬ್ಯಾಡ ಕಣವ್ವ" ಅಂದಳು. ಗಂಡನ ಕೈಯಿಂದ ಕಾಗದ ಕಿತ್ತು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಓದ್ದೆ ಕೇಳ್ದೆ ಆಕ್ಬ್ಯಾಡ. ನಂಬೋ ಅಂತ ವಕೀಲ್ರು ಅವ್ರೆ. ನಾನು ಮೂರು ದಿನ ಕೂತು ನೋಡಿವ್ನಿ."

ಮಾರನೇ ದಿನ ಮೂವರೂ ಸಂಘಮಿತ್ರಳ ಮುಂದೆ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಅವಳು ತಲೆ ಆಡಿಸಿದಳು. "ಪಾಲಿನ ಕೇಸು ಹೊಸದಾಗಿ ಹಾಕಬಹುದು, ದಾರಿ ಇದೆ. ಆದರೆ ನಾನು ನಿಮ್ಮ ವಕೀಲೆ ಗೋವಿಂದಯ್ಯನವರೇ. ಅದೇ ನೆಲವನ್ನ ನೀವು ಕೊಳ್ಳೋರು, ಇವರು ಪಾಲು ಕೇಳೋರು. ಎರಡು ದೋಣಿ ಮೇಲೆ ಕಾಲಿಡೋಕೆ ನನ್ನಿಂದಾಗಲ್ಲ. ಇವರಿಗೆ ಬೇರೆ ಯಾರನ್ನಾದರೂ ಹೇಳ್ತೀನಿ."

"ಬೇರೆ ಬ್ಯಾಡ ತಾಯಿ" ಅಂದಳು ಚಿಕ್ಕಬಸಮ್ಮ. "ನಾವು ಸೈಟು ಬುಟ್ಟೋ. ನೀವು ಇವಳ್ಗೆ ಮಾಡಿ. ಅದೇನು ಬರ್ಕೊಡ್ಬೇಕೋ ಬರ್ಕೊಡ್ತೀವಿ." ಗಂಡನ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು, ಅವನೂ ತಲೆ ಆಡಿಸುತ್ತಲೇ ಇದ್ದ. ನಂಬಿಕೆಯ ವಕೀಲರನ್ನು ಅಷ್ಟು ಕಷ್ಟಪಟ್ಟು ಹುಡುಕಿ, ಸಿಕ್ಕ ಹತ್ತು ದಿನಕ್ಕೆ ಎತ್ತಿ ಇನ್ನೊಬ್ಬರಿಗೆ ಕೊಟ್ಟ ಜೋಡಿಯನ್ನು ನಾನಂತೂ ಬೇರೆ ಕಂಡಿಲ್ಲ.

ಮೆಟ್ಟಿಲಿಳಿಯುವಾಗ ದೊಡ್ಡತಾಯಮ್ಮ ಅತ್ತುಬಿಟ್ಟಳು. "ಅಕ್ಕಾ, ನನ್ನ ಪಾಲು ಬಂದ್ರೆ ಆ ಹೊಂಗೆ ಮರದ ಸೈಟು ನಿಮ್ಗೇ" ಅಂದಳು.

"ಬಾಯಿ ಮಾತು ಬ್ಯಾಡ ಸುಮ್ಕಿರು" ಅಂದಳು ಚಿಕ್ಕಬಸಮ್ಮ, ತಾನೂ ಮೂಗು ಒರೆಸಿಕೊಳ್ಳುತ್ತಾ. "ಬಂದಾಗ ಬರ್ಲಿ. ಆಗ್ಲೂ ಬೇರೆ ವಕೀಲ್ರಿಗೆ ತೋರಿಸ್ಕಂಡೇ ನಾವು ತಗಳಾದು."

ಮೂರು ತಿಂಗಳ ಮೇಲೆ ಹೊಸ ಕೇಸು ಕೋರ್ಟಿನ ಮುಂದೆ ಬಂತು. ಗೋವಿಂದಯ್ಯ ಬೆಳಿಗ್ಗೆಯೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಚಿಕ್ಕಬಸಮ್ಮ ಬಾಗಿಲ ಹೊರಗೆ ನಿಂತಳು, ಹುರಿಗಡಲೆ ಮುಟ್ಟದೆ. ನಂಬರು ಓದಿದರು. ಗೋವಿಂದಯ್ಯ ಕೂಗುವವನ ಹಾಗೆ ಗಂಟಲು ಸರಿ ಮಾಡಿಕೊಂಡ, ಹಳೇ ಅಭ್ಯಾಸ. ಸಂಘಮಿತ್ರ ಎದ್ದು ನಿಂತಳು. ಪಕ್ಕದಲ್ಲಿ ದೊಡ್ಡತಾಯಮ್ಮ ಎದ್ದು ಕೈ ಮುಗಿದಳು. ಹೊಸ ಜವಾನ ಬಾಗಿಲ ಕಡೆ ತಿರುಗಲೇ ಇಲ್ಲ. ಎರಡು ನಿಮಿಷ ಮಾತು, ಮುಂದಿನ ತಾರೀಕು, ಅಷ್ಟೇ.

ಗೋವಿಂದಯ್ಯ ಹೊರಗೆ ಬಂದ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಬಸಮ್ಮಾ" ಅಂದ, ಮೆಲ್ಲಗೆ.

"ಆಂ, ಇಲ್ಲೇ ಇವ್ನಿ" ಅಂದಳು ಅವಳು, ಮೊದಲನೇ ಕೂಗಿಗೇ. "ಏನಾಯ್ತು ಒಳಗೆ? ಅವಳ ಹೆಸ್ರು ಕೂಗ್ಲೇ ಇಲ್ವಲ್ರೀ?"

"ಕೂಗ್ಲಿಲ್ಲ ಕಣಮ್ಮಿ" ಅಂದ ಗೋವಿಂದಯ್ಯ. "ಕೂಗೋದೇ ಬೇಕಾಗ್ಲಿಲ್ಲ."